ಪರದೆಯ ಹಿಂದಿನ ತೀರ್ಪು

ಅಲ್ ಹೈಲ್, ಮಾರ್ಚ್ 1991

ತೀರ್ಪುಗಾರರಾದ ಶೇಷಪ್ಪ ಮಾಸ್ತರರಿಗೆ,

ಬ್ಯಾಂಡ್ ಸ್ಪರ್ಧೆಯಲ್ಲಿ ನಮ್ಮ ಅಲ್ ಹೈಲ್ ತಂಡವನ್ನು ಎ ದರ್ಜೆಯಿಂದ ಬಿ ದರ್ಜೆಗೆ ಇಳಿಸಿ, ನಿಜ್ವಾ ಊರಿನ ತಂಡದವರನ್ನು ಮೇಲೇರಿಸಿದಿರಿ. ಪಕ್ಷಪಾತ ಆಗಬಾರದೆಂದು ಪರದೆಯ ಹಿಂದೆ ಕೂತೇ ಕೇಳಿದಿರಿ, ಸಂತೋಷ. ಆಮೇಲೆ ಮೈಕಿನಲ್ಲಿ, "ಅಲ್ ಹೈಲಿನ ಟ್ರಂಪೆಟ್‌ನವನಿಗೆ ದಮ್ಮೇ ಇಲ್ಲ ಮಾರಾಯ್ರೆ, ನಿಜ್ವಾದವನ ಕಾಲು ಹಿಡಿದು ಕಲಿಯಲಿ" ಎಂದಿರಿ. ಆ ದಮ್ಮಿಲ್ಲದವನು ನಾನು. ಆಗ ಸಭೆಯೆಲ್ಲ ನಕ್ಕಿತಲ್ಲ, ಅದು ನನ್ನನ್ನು ನೋಡಿ ಅಲ್ಲ, ನಿಮ್ಮ ಮಾತು ಕೇಳಿ.

ನಿಜ್ವಾದ ಟ್ರಂಪೆಟ್‌ನವನು ರಜೆಯಲ್ಲಿ ಊರಿಗೆ ಹೋಗಿದ್ದಾನೆ. ಅವರು ಕೇಳಿಕೊಂಡರೆಂದು ಅವರ ತಂಡದಲ್ಲೂ ಊದಿದವನು ನಾನೇ. ನನ್ನ ಕಾಲನ್ನು ನಾನೇ ಹಿಡಿಯುವುದು ಹೇಗೆಂದು ದಯವಿಟ್ಟು ತಿಳಿಸಿ.

ನಿಮ್ಮ ಕಿವಿಯನ್ನು ನೋಡಿಯಾಯಿತು. ಮುಂದಿನ ವರ್ಷ ಪರದೆ ತೆಗೆಸಿ, ಕಣ್ಣಾದರೂ ಉಂಟೋ ನೋಡುವ.

ಇತಿ,
ಎರಡೂ ದರ್ಜೆಯ
ಕೊಗ್ಗ