ಮೂವತ್ತನಾಲ್ಕು ಗುಣ ಕೂಡಿದ ಕಾಲೇಜು

ಧಾರವಾಡ, ಜೂನ್ 31, 2151

ಪೂಜ್ಯ ಪೂರ್ವಜರಿಗೆ,

ಪೂಜ್ಯ ಎಂದದ್ದು ರೂಢಿಗಾಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಾರೀಖು ತಪ್ಪಿಲ್ಲ. ಕಾಲೇಜು ಪ್ರವೇಶದ ಕೊನೆಯ ದಿನವನ್ನು ನೀವು ವರ್ಷವರ್ಷವೂ ಇನ್ನೊಂದು ದಿನ, ಇನ್ನೊಂದೇ ದಿನ ಎಂದು ಮುಂದೂಡುತ್ತ ಬಂದಿರಿ. ನಿಮ್ಮ ಮೊಮ್ಮಕ್ಕಳು ಬೇಸತ್ತು ಕ್ಯಾಲೆಂಡರಿಗೇ ಒಂದು ದಿನ ಸೇರಿಸಿಬಿಟ್ಟರು. ಆ ದಿನ ಇವತ್ತು.

ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನ್ನಿಸಬಹುದು, ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಬರೆಯಲು ಕಲಿತದ್ದು ನಿಮ್ಮನ್ನು ಓದುವ ನೌಕರಿಯಿಂದ. ನಿಮ್ಮ ಫೋನುಗಳಿಂದ ಹೊರಟ ಸಂದೇಶಗಳನ್ನೆಲ್ಲ ಜೋಳದಂತೆ ತುಂಬಿಟ್ಟ ಕಟ್ಟಡವೊಂದು ಇಲ್ಲಿದೆ, ಮಾತಿನ ಕಣಜ ಎನ್ನುತ್ತೇವೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಆಟವಾಡುವ ಮಕ್ಕಳ ತಂದೆತಾಯಿಯರ ಗುಂಪುಗಳು. ಹದಿನೇಳು ವರ್ಷ ಓದಿದ್ದೇನೆ. ನಿಮ್ಮ ಬಗ್ಗೆ ನನಗಿರುವ ತಿರಸ್ಕಾರ ಹುಟ್ಟಿನಿಂದ ಬಂದದ್ದಲ್ಲ, ಓದಿ ಗಳಿಸಿದ್ದು.

ನೀವು ಲ್ಯಾಕ್ರೋಸ್ ಎನ್ನುತ್ತಿದ್ದ ಆಟಕ್ಕೆ ನಾವು ಬಲೆಕೋಲು ಎನ್ನುತ್ತೇವೆ. ತುದಿಗೆ ಬಲೆಚೀಲ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಓಡಬೇಕು, ಎಸೆಯಬೇಕು. ಗೋಲು ನಮಗೆ ಗೂಡು. ಅದರ ಮುಂದೆ ನಿಂತು ಚೆಂಡು ತಡೆಯುವವಳು ಗೂಡುಗಾತಿ. ಒಂದು ತಂಡಕ್ಕೆ ಒಬ್ಬಳೇ. ಬಿಸಿಲಿಗೆ ಅಂಜಿ ಮೈದಾನಗಳಿಗೆಲ್ಲ ನೆರಳುಚಪ್ಪರ ಹಾಕಿದ್ದೇವೆ; ಆಟ ಬೆಳಿಗ್ಗೆ ಏಳಕ್ಕೆ ಮುಗಿಯುತ್ತದೆ, ಒಂಬತ್ತಕ್ಕೆ ಊರೇ ಕದ ಹಾಕಿಕೊಳ್ಳುತ್ತದೆ. ನನ್ನ ಮಗಳು ನೀಲಾಂಬಿಕೆ ಗೂಡುಗಾತಿ. ಹದಿನೆಂಟು ವರ್ಷ. ಅವಳು ಯಾವ ಕಾಲೇಜಿಗೆ ಹೋಗಬೇಕು ಎಂಬುದಕ್ಕೆ ನಾನು ಇವತ್ತು ಸಹಿ ಹಾಕಬೇಕಿತ್ತು.

ಸಾಲಾವಳಿ ಎಂಬ ಪದ ನಿಮಗೆ ಗೊತ್ತು. ಗಂಡು ಹೆಣ್ಣಿನ ಜಾತಕ ಕೂಡಿಸಿ ಮೂವತ್ತಾರಕ್ಕೆ ಎಷ್ಟು ಗುಣ ಬಂತು ಎಂದು ಎಣಿಸುತ್ತಿದ್ದಿರಿ. ನಾವು ಮದುವೆಗೆ ಅದನ್ನು ಬಿಟ್ಟೆವು, ಕಾಲೇಜಿಗೆ ಹಿಡಿದುಕೊಂಡೆವು. ತರಬೇತುದಾರರ ಹೆಸರು, ಹಾಸ್ಟೆಲಿನ ಊಟ, ಕಾಲೇಜಿನ ರ‍್ಯಾಂಕು, ಮುಂದಿನ ನೌಕರಿ, ಹೆಬ್ಬಾಗಿಲ ಎತ್ತರ, ಹೀಗೆ ಮೂವತ್ತಾರು. ಇವುಗಳನ್ನು ನಾವು ಕಂಡುಹಿಡಿಯಲಿಲ್ಲ, ನಿಮ್ಮ ಗುಂಪುಗಳಿಂದ ಹೆಕ್ಕಿದೆವು. ನೀವು ಕೇಳಿದ್ದು ಇಷ್ಟೇ: ಯಾವ ಕಾಲೇಜು ಹೆಸರುವಾಸಿ, ಕ್ರೀಡಾ ಕೋಟಾ ಸಿಗುತ್ತದೆಯೇ, ಪಕ್ಕದ ಮನೆಯವರ ಮಗಳು ಎಲ್ಲಿ ಸೇರಿದಳು. ಕಾಲೇಜು ಮಗುವಿಗೆ ಒಗ್ಗುತ್ತದೆಯೇ ಎಂದರೆ ನಿಮ್ಮ ಪ್ರಕಾರ ನೆಂಟರಿಗೆ ಒಗ್ಗುತ್ತದೆಯೇ ಎಂದರ್ಥ. ನನ್ನ ಮಗಳಿಗೆ ಅಲ್ಲಿ ಆಡಲು ಸಿಗುತ್ತದೆಯೇ ಎಂಬ ಒಂದು ಸಾಲಿಗಾಗಿ ಹದಿನೇಳು ವರ್ಷ ಹುಡುಕಿದೆ. ಸಿಗಲಿಲ್ಲ.

ನೀಲಾಂಬಿಕೆಗೆ ದೊಡ್ಡ ಕಾಲೇಜೊಂದರ ಜೊತೆ ಮೂವತ್ತನಾಲ್ಕು ಗುಣ ಕೂಡಿದವು. ಸಾಲಾವಳಿ ಕಚೇರಿಯ ಕಡಕೋಳರು ಕುರ್ಚಿಯಿಂದ ಎದ್ದೇ ಹೇಳಿದರು: “ಮೂವತ್ನಾಲ್ಕು ಕೂಡ್ಯಾವ್ರೀ ಅಕ್ಕಾರ! ಹಿಂದಕ ಮದುವಿಗೂ ಇಷ್ಟು ಕೂಡತಿದ್ದಿಲ್ಲಂತ.” ನಾನು ಓಣಿಗೆಲ್ಲ ಪೇಢೆ ಹಂಚಿದೆ. ನಿಮ್ಮನ್ನು ಅಷ್ಟು ವರ್ಷ ಓದಿ ನಕ್ಕವಳು ನಾನೇ.

ಮಗಳು ಪೇಢೆ ತಿನ್ನಲಿಲ್ಲ. ಮರುದಿನ ನಸುಕಿನಲ್ಲೇ ತೂಗುಬಂಡಿ ಹತ್ತಿ, ಅಂದರೆ ಕಂಬದಿಂದ ಕಂಬಕ್ಕೆ ತಂತಿಯ ಮೇಲೆ ಸಾಗುವ ನಮ್ಮ ಬಸ್ಸು ಹತ್ತಿ, ಆ ಕಾಲೇಜಿನ ಅಭ್ಯಾಸ ನೋಡಲು ಹೋದಳು. ಗೂಡಿನಲ್ಲಿ ಒಬ್ಬಳು ನಿಂತಿದ್ದಳಂತೆ, ಬೆಂಚಿನ ಮೇಲೆ ನಾಲ್ವರು ಗೂಡುಗಾತಿಯರು ಕುಳಿತಿದ್ದರಂತೆ. ಹೆಚ್ಚು ಗುಣದವರನ್ನು ಕೂಡಿಹಾಕಿಕೊಂಡಷ್ಟೂ ಕಾಲೇಜಿನ ರ‍್ಯಾಂಕು ಏರುತ್ತದೆ; ಆಡಿಸಲೇಬೇಕೆಂಬ ನಿಯಮವಿಲ್ಲ. ಕೊನೆಯವಳು ಮೂರನೆಯ ವರ್ಷದವಳು, ಚೆಂಡು ಹೆಕ್ಕಿಕೊಟ್ಟು ನೀರು ತುಂಬುತ್ತಿದ್ದಳು. ನಿನಗೆ ಎಷ್ಟು ಬಂದಿತ್ತು ಎಂದು ಇವಳು ಕೇಳಿದ್ದಕ್ಕೆ ಅವಳು ನೀರಿನ ಕೊಡ ಇಳಿಸಿ ಹೇಳಿದಳಂತೆ: “ನಂದು ಮೂವತ್ತಾರಕ್ಕ ಮೂವತ್ತಾರು ನೋಡವಾ.”

ಮನೆಗೆ ಬಂದು ಸಣ್ಣ ಕಾಲೇಜೊಂದರ ಅರ್ಜಿ ಮುಂದಿಟ್ಟಳು. ಅವಳು ಓದಬೇಕೆಂದಿದ್ದ ಮಣ್ಣಿನ ವಿಜ್ಞಾನ ಅಲ್ಲಿದೆ. ತರಬೇತಿ ಕೊಡುವವರು ಗ್ರಂಥಪಾಲಕಿ. ಅಲ್ಲಿನ ಗೂಡುಗಾತಿ ಈ ವರ್ಷ ಓದು ಮುಗಿಸಿ ಹೋಗಿದ್ದಾಳೆ. ಕೂಡಿದ ಗುಣ ಹನ್ನೊಂದು.

“ಹನ್ನೊಂದು ಅಂದ್ರ ಮಂದಿ ಏನಂದಾರು?” ಎಂದೆ.

“ಮಂದಿ ಬಂದು ಗೂಡು ಕಾಯತಾರೇನು? ಯವ್ವಾ, ನಾ ಆಡಾಕ ಹೊಂಟೀನಿ, ಕುಂದ್ರಾಕಲ್ಲ. ಕುಂದ್ರೂದಾದ್ರ ನಮ್ಮ ಮನ್ಯಾಗ ಕುರ್ಚಿ ಇಲ್ಲೇನು?”

ಸಿಟ್ಟು ಬಂತು, ಅದು ಅವಳ ಮೇಲೋ ನಿಮ್ಮ ಮೇಲೋ ತಿಳಿಯಲಿಲ್ಲ. ನಿನ್ನೆ ಬೆಳಿಗ್ಗೆ ಹೇಳದೆ ಅವಳ ಮೈದಾನಕ್ಕೆ ಹೋದೆ. ಆರು ವರ್ಷದಿಂದ ಆಡುತ್ತಿದ್ದಾಳೆ, ನಾನು ನೋಡಿದ್ದು ಅದೇ ಮೊದಲು. ನಿಯಮ ಒಂದೂ ತಿಳಿಯಲಿಲ್ಲ. ಚೆಂಡೊಂದು ಅವಳ ಎದೆಗೆ ಬಡಿದ ಸದ್ದು ನನ್ನ ತನಕ ಕೇಳಿಸಿತು. ಅವಳು ಬೀಳಲಿಲ್ಲ, ಚೆಂಡು ಹೆಕ್ಕಿ ಎಸೆದು, ಮುಂದೆ ಆಡುತ್ತಿದ್ದ ತನ್ನ ತಂಡದವರನ್ನೆಲ್ಲ ಹೆಸರು ಹಿಡಿದು ಗದರಿಸಿದಳು. ಪಕ್ಕದಲ್ಲಿ ಬುತ್ತಿ ಹಿಡಿದು ಕುಳಿತಿದ್ದ ಹೆಂಗಸು ಕೇಳಿದಳು: “ನೀವು ಯಾರ ತಾಯಿರೀ? ಎಂದೂ ನೋಡಿಲ್ಲಲ್ಲ.” “ಸುಮ್ಮನ ಬಂದೀನ್ರಿ” ಎಂದುಬಿಟ್ಟೆ. ಹದಿನೇಳು ವರ್ಷ ನಿಮ್ಮ ಸಾಲುಗಳಲ್ಲಿ ಹುಡುಕಿದ ಪ್ರಶ್ನೆಯನ್ನು ನಾನಾದರೂ ಎಂದು ಕೇಳಿದ್ದೆ? ನಿಮ್ಮನ್ನು ತಿರಸ್ಕರಿಸುವುದು ಸುಲಭ, ನೀವು ಸತ್ತಿದ್ದೀರಿ.

ಇವತ್ತು ಸಣ್ಣ ಕಾಲೇಜಿನ ಅರ್ಜಿ ಮುಂದಿಟ್ಟಾಗ ಕಡಕೋಳರು ಅದನ್ನು ಹಿಂದಕ್ಕೆ ತಳ್ಳಿದರು. “ವಿಚಾರ ಮಾಡ್ರಿ ಅಕ್ಕಾರ. ಮೂವತ್ನಾಲ್ಕು ಬಿಟ್ಟು ಹನ್ನೊಂದಕ್ಕ ಯಾರರೆ ಸಹಿ ಹಾಕತಾರೇನು? ಕಾರಣ ಏನಂತ ಬರೀಲಿ?”

“ಅಲ್ಲಿ ಆಕೀಗೆ ನಿಲ್ಲಾಕ ಜಾಗಾ ಐತಿ ಅಂತ ಬರೀರಿ.”

ಅವರು ಬರೆಯಲಿಲ್ಲ. ನಾನೇ ಬರೆದು, ಸಹಿ ಹಾಕಿ ಬಂದೆ. ತಪ್ಪು ಮಾಡಿದೆನೋ ಏನೋ, ಇನ್ನೂ ಗೊತ್ತಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಕಾಲೇಜು ನೋಡಲು ಹೋದಾಗ ಪಂದ್ಯದ ದಿನ ಹೋಗಬೇಡಿ, ಅಭ್ಯಾಸದ ದಿನ ಹೋಗಿ. ತರಬೇತುದಾರರನ್ನು ಬಿಟ್ಟು ಬೆಂಚಿನ ಮೇಲೆ ಕುಳಿತವಳನ್ನು ಮಾತಾಡಿಸಿ. ನೀವು ಹಾಗೆ ಮಾಡುವುದಿಲ್ಲ, ನನಗೆ ಗೊತ್ತು. ಈ ಪತ್ರ ಓದಿ ನೀವು ಕೇಳುವ ಮೊದಲ ಪ್ರಶ್ನೆಯೂ ಗೊತ್ತು: ಆ ಸಣ್ಣ ಕಾಲೇಜಿನ ಹೆಸರೇನು? ಹೇಳುವುದಿಲ್ಲ. ನಿಮ್ಮ ಕಾಲದಲ್ಲಿ ಅದನ್ನಿನ್ನೂ ಕಟ್ಟಿಲ್ಲ ಎಂಬುದು ನಿಮ್ಮನ್ನು ತಡೆಯುವುದಿಲ್ಲ. ನಾಳೆ ಬೆಳಿಗ್ಗೆಯೇ ಅದು ಏಳಲಿರುವ ಬಯಲಿನಲ್ಲಿ ಅರ್ಜಿ ಹಿಡಿದು ಸಾಲಾಗಿ ನಿಂತಿರುತ್ತೀರಿ.

ಮಧುಮತಿ ಹಂಚಿನಾಳ