ಉಗುರಿನ ಸಪ್ಪಳ

ತಿಕೋಂಡಿ
೧೮-೨-೧೯೫೩

ಅವ್ವನ ಪಾದಗಳಿಗೆ ಶರಣು.

ಮಾವನವರು ಸೋಮವಾರ ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಬುತ್ತಿಗೆಂದು ಅರವತ್ತು ಜೋಳದ ರೊಟ್ಟಿಗಳನ್ನು ಖಡಕ್ ಮಾಡಿ ಬುಟ್ಟಿಗೆ ಜೋಡಿಸಿದ್ದೆ. ಅತ್ತೆಗೆ ಕಣ್ಣು ಕಾಣುವುದಿಲ್ಲವೆಂದು ನೀನು ಮರುಗಿದ್ದೆಯಲ್ಲ. ಅವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಾರಿಸಿ ನೋಡಿದರು. ಒಂದನ್ನು ಮಾತ್ರ ತೆಗೆದಿಟ್ಟು, “ಇದರಾಗ ಇನ್ನಾ ಹಸಿ ಐತಿ, ಬುಟ್ಟಿಗೆಲ್ಲಾ ಬೂಸ್ಟ ಹಿಡೀತೈತಿ” ಎಂದರು. ಮುರಿದು ನೋಡಿದೆ. ನಡುವೆ ಉಗುರಿನಷ್ಟೇ ಮೆತ್ತಗಿತ್ತು.

ಉಳಿದವುಗಳ ಮೇಲೆ ಕೈಯಾಡಿಸಿ, “ಇವು ಶ್ರೀಶೈಲ ಮುಟ್ಟತಾವ, ನೀಲವ್ವ” ಎಂದರು.

ರೊಟ್ಟಿ ಸುತ್ತಿಡಲು ಅಪ್ಪನ ಹಳೆಯ ಧೋತರ ಒಗೆದು ಯಾರ ಕೈಯಲ್ಲಾದರೂ ಕಳಿಸು. ಇನ್ನು ಮರುಗಬೇಡ. ಈಗ ನಾನೂ ಕಣ್ಣು ಮುಚ್ಚಿ ರೊಟ್ಟಿಯ ಸಪ್ಪಳ ಕೇಳುವುದನ್ನು ಕಲಿಯುತ್ತಿದ್ದೇನೆ.

ನಿನ್ನ ಮಗಳು
ನೀಲವ್ವ