ಸಕ್ಕರೆ ಬೇಡವೆಂದ ಬೂಷ್ಟು

ಜುಲೈ 11, 2006. ಅಂಕೋಲಾ

ದೇವರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಸುಗಂಧತ್ತೆಯ ಬುಟ್ಟಿಯಿಂದ ಒಂದು ಒಣ ಬಂಗಡೆ ಕದ್ದೆ. ತಿನ್ನಲಿಕ್ಕಲ್ಲ. ಅದರ ಮೇಲಿನ ಹಸಿರು ಬೂಷ್ಟಿಗಾಗಿ. ಕಾಲೇಜಿನ ಪ್ರಾಜೆಕ್ಟು — ಯಾವ ಸಕ್ಕರೆಯಲ್ಲಿ ಬೂಷ್ಟು ಎಷ್ಟು ಬೆಳೆಯುತ್ತದೆ?

"ತಮಾ, ಬಂಗಡೆ ಒಂದು ಕಮ್ಮಿ ಅದ್ಯಲಾ?"

"ಬೆಕ್ಕು, ಅತ್ತೆ."

ಬೆಕ್ಕಿಗೆ ಏಟು ಬಿತ್ತು. ವಿಜ್ಞಾನಕ್ಕಾಗಿ ಹುತಾತ್ಮ.

ಜುಲೈ 14. ಕಾರವಾರ, ಲ್ಯಾಬ್

ಲವಣ, ಹೆಪ್ಪುಗಟ್ಟಿಸುವ ಅಗರ್ ಎಲ್ಲ ತಟ್ಟೆಗೂ ಒಂದೇ. ಸಕ್ಕರೆ ಮಾತ್ರ ಬೇರೆ — ಗ್ಲೂಕೋಸ್, ಸುಕ್ರೋಸ್, ಲ್ಯಾಕ್ಟೋಸ್. ಕೊನೆಗೆ ಹೋಲಿಕೆಗೆಂದು ಕಂಟ್ರೋಲ್, ಸಕ್ಕರೆಯೇ ಇಲ್ಲದ್ದು. ಡಯಾಬಿಟೀಸ್ ವಾರ್ಡು! ಅಲ್ಲಿಗೆ ಬರುವಾಗ ಅಗರ್ ಖಾಲಿ. ಅಗರ್ ಇಲ್ಲ, ಮಗರ್ ಧಾರವಾಡದ ಸೆಮಿನಾರ್ ಹತ್ತಿರ. ಡಿಪಾರ್ಟ್‌ಮೆಂಟಿನಿಂದ ಒಬ್ಬರಿಗೇ ಅವಕಾಶ — ನಾನು, ಇಲ್ಲಾ ನನ್ನ ಕ್ಲಾಸಿನ ಪ್ರೀತಿ. ಪೇಟೆಗೆ ಓಡಿ ಚೈನಾಗ್ರಾಸ್ ಪುಡಿ ತಂದು ಕಂಟ್ರೋಲಿಗೆ ಹಾಕಿದೆ. ಅದೂ ಅಗರೇ ತಾನೆ.

ಜುಲೈ 19

ಲ್ಯಾಕ್ಟೋಸಿನಲ್ಲಿ ಸೊರಗಿದೆ. ಸುಕ್ರೋಸಿನಲ್ಲಿ ಭರ್ಜರಿ. ಆದರೆ ಕಂಟ್ರೋಲು... ಜೇಡರ ಬಲೆಯಷ್ಟು ತೆಳ್ಳಗಿರಬೇಕಾದಲ್ಲಿ ದಪ್ಪ ಕಂಬಳಿ! ಬೂಸ್ಟ್ ಕುಡಿಯದೆ ಕೊಬ್ಬಿದ ಬೂಷ್ಟು!

ಗೈಡ್ ರಾಮನಾಥ ಸರ್ ಕನ್ನಡಕ ಒರೆಸಿ ಮತ್ತೆ ನೋಡಿದರು. "ಇನ್ನೊಮ್ಮೆ ಮಾಡು."

"ಮಾಡ್ತೇನೆ ಸರ್. ಆದ್ರೆ ನನ್ನ ಕೈ ತಪ್ಪೂದಿಲ್ಲ."

ಪ್ರೀತಿ ಕೇಣಿ ಊರಿನವಳು. ಮನೆಮಂದಿಗೆಲ್ಲ ಮೀನು ಒಣಗಿಸುವ ಕೆಲಸ. "ಬರೀ ಉಪ್ಪಿನ ಮೇಲೆ ಇಷ್ಟು ಬೂಷ್ಟು ಬರೂದಾದ್ರೆ ನಾವು ಅಂಗಡಿ ಮುಚ್ಚಬೇಕಿತ್ತು ಮಾರಾಯಾ."

"ಹೊಟ್ಟೆಕಿಚ್ಚು ಯಾವ ಸಕ್ಕರೆಯಲ್ಲಿ ಬೆಳೀತದೆ, ಅದನ್ನೂ ಟೆಸ್ಟ್ ಮಾಡುವನಾ?" ಅಂದೆ.

ಜುಲೈ 22

ಹೊಸ ಅಗರ್ ಬರುವ ಮೊದಲೇ ಕೊನೆಯ ದಿನ ಬಂತು; ಪ್ರಬಂಧದ ಸಾರಾಂಶ, ಅಬ್‌ಸ್ಟ್ರ್ಯಾಕ್ಟು, ಧಾರವಾಡಕ್ಕೆ ಹೋಯಿತು. ನನ್ನ ಹೆಸರಲ್ಲಿ. ಪ್ರೀತಿ ಕಂಗ್ರಾಟ್ಸ್ ಅಂದಳು, ಮುಖ ನೋಡದೆ. ಮನೆಗೆ ಬರುವ ಬಸ್ಸು ಬಿಣಗಾ ದಾಟುವಷ್ಟರಲ್ಲಿ ನನ್ನ ಭಾಷಣ ಮುಗಿದು ಚಪ್ಪಾಳೆಯೂ ಬಿದ್ದಿತ್ತು.

ಆಗಸ್ಟ್ 2. ಸಂಜೆ

ಕಳೆದ ವಾರ ಹೊಸ ಅಗರ್ ಬಂತು. ಮತ್ತೆ ಮಾಡಿದೆ. ಕಂಟ್ರೋಲ್ ತಟ್ಟೆಯಲ್ಲಿ — ಜೇಡರ ಬಲೆ.

"ಮೊದ್ಲು ಯಾವ ಅಗರ್ ಹಾಕಿದ್ಯಾ?" ಪ್ರೀತಿ ಕೇಳಿದಳು.

ಉಳಿದ ಪ್ಯಾಕೆಟ್ ತೋರಿಸಿದೆ. ಬೆರಳು ಅದ್ದಿ ನೆಕ್ಕಿದಳು. ಲ್ಯಾಬಿನಲ್ಲಿ ನೆಕ್ಕಬಾರದು ಎನ್ನುವ ಧೈರ್ಯವಾಗಲಿಲ್ಲ.

"ಇದು ಬರೀ ಚೈನಾಗ್ರಾಸ್ ಅಲ್ಲ. ಹಾಲಿಗೆ ಹಾಕಿ ಕುದ್ಸೂ ರೆಡಿಮೇಡ್ ಪುಡಿ. ಸಕ್ರೆ, ಏಲಕ್ಕಿ ಎಲ್ಲಾ ಹಾಕಿದ್ದು."

ನಗಲಿಲ್ಲ ಅವಳು. ನಕ್ಕಿದ್ದರೆ ಚೆನ್ನಾಗಿತ್ತು.

ನಾಳೆ ಸರ್‌ಗೆ ಹೇಳಬೇಕು. ಅವಳನ್ನೇ ಕಳಿಸಿ ಅನ್ನಬೇಕು. ಸಕ್ಕರೆಯ ವಿಷಯ ಹೇಗೋ ಬಾಯಿಬಿಟ್ಟೇನು. ಆದರೆ ಅಬ್‌ಸ್ಟ್ರ್ಯಾಕ್ಟಿನ ಕೊನೆಯ ಸಾಲು... ಅದನ್ನು ನಾನೇ, ಯಾರೂ ಕೇಳದೆ, ಸೇರಿಸಿದ್ದು: "ಸಕ್ಕರೆರಹಿತ ಮಾಧ್ಯಮದಲ್ಲಿ ಈ ಶಿಲೀಂಧ್ರವು ತನ್ನದೇ ಆದ ಏಲಕ್ಕಿ ಪರಿಮಳವನ್ನು ಬೀರುತ್ತದೆ."